ಕೇಕ್ ಮಿಕ್ಸ್‌ನಲ್ಲಿ ಹಬ್ಬದ ಕುಕೀಸ್: ಗುಟ್ಟೆಲ್ಲ ನೀರಿನ ಲೆಕ್ಕದಲ್ಲಿ

ಕೇಕ್ ಮಿಕ್ಸ್ ಪ್ಯಾಕೆಟ್‌ನಿಂದ ಕುಕೀಸ್ ಮಾಡಬಹುದು ಅಂದರೆ ಕೆಲವರು ನಂಬುವುದಿಲ್ಲ. ನಂಬಿ ಮಾಡಿದವರಲ್ಲೂ ಕೆಲವರಿಗೆ ಸಿಗುವುದು ಸಣ್ಣ ಸಣ್ಣ ಕೇಕು. ಇನ್ನು ಕೆಲವರ ಟ್ರೇಯಲ್ಲಿ ಉಂಡೆಗಳೆಲ್ಲ ಹರಡಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎರಡಕ್ಕೂ ಸಾಮಾನ್ಯವಾಗಿ ಕಾರಣ ಒಂದೇ. ಪ್ಯಾಕೆಟ್ ಮೇಲೆ ಬರೆದಿರುವುದು ಕೇಕ್‌ಗೆ ಬೇಕಾದ ನೀರಿನ ಲೆಕ್ಕ. ಕುಕೀಸ್ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕು.

ಒಂದೇ ರವೆಯಿಂದ ಉಪ್ಪಿಟ್ಟೂ ಆಗುತ್ತದೆ, ರವೆ ಉಂಡೆಯೂ ಆಗುತ್ತದೆ. ರವೆ ಅದೇ, ಬಿದ್ದ ನೀರು ಬೇರೆ. ಕೇಕ್ ಮಿಕ್ಸ್ ವಿಷಯವೂ ಹೀಗೇ. ಮೈದಾ, ಸಕ್ಕರೆ, ಬೇಕಿಂಗ್ ಪೌಡರ್, ಉಪ್ಪು, ವಾಸನೆಗೆ ವೆನಿಲ್ಲಾ ಅಥವಾ ಕೋಕೋ. ಬಿಸ್ಕತ್ತಿಗೂ ಬೇಕಾಗಿರುವುದು ಇಷ್ಟೇ ಅಲ್ವಾ? ಒಣ ಸಾಮಾನೆಲ್ಲ ಅಳೆದು, ಜರಡಿ ಹಿಡಿದು, ಬೆರೆಸಿ ಕೊಟ್ಟಿದ್ದಾರೆ. ಹಬ್ಬದ ದಿನಗಳಲ್ಲಿ ಆ ಒಂದು ಕೆಲಸ ಉಳಿದರೂ ದೊಡ್ಡದು.

ಪ್ಯಾಕೆಟ್ ಹಿಂದೆ ಏನಿದೆ

ಮೊದಲು ಪ್ಯಾಕೆಟ್ ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿ. ನಮ್ಮ ದೇಶದ ನಿಯಮದ ಪ್ರಕಾರ ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು. ಹಾಗಾಗಿ ಮೊದಲ ಎರಡು ಹೆಸರು ನೋಡಿದರೇ ಅರ್ಧ ವಿಷಯ ಗೊತ್ತಾಗುತ್ತದೆ. ಎಷ್ಟೋ ಮಿಕ್ಸ್‌ಗಳಲ್ಲಿ ಮೊದಲ ಹೆಸರು ಸಕ್ಕರೆ, ಆಮೇಲೆ ಮೈದಾ. ಮೈದಾ ಮೊದಲಿದ್ದರೂ ಸಕ್ಕರೆ ಅದರ ಹಿಂದೆಯೇ ಇರುತ್ತದೆ.

ಇದು ಕುಕೀಸ್ ಮಾಡುವವರಿಗೆ ಮುಖ್ಯ. ಯಾಕೆಂದರೆ ಸರಳ ಬೆಣ್ಣೆ ಬಿಸ್ಕತ್ತಿನ ಹಳೆಯ ಅಳತೆ ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ. ಅಂದರೆ ಸಕ್ಕರೆ ಮೈದಾದ ಮೂರನೇ ಒಂದು ಭಾಗ ಮಾತ್ರ. ಕೇಕ್ ಮಿಕ್ಸ್‌ನಲ್ಲಿ ಅದು ಹೆಚ್ಚುಕಡಿಮೆ ಸರಿಸಮ. ಸಕ್ಕರೆ ಬಿಸಿಗೆ ಕರಗಿ ಪಾಕವಾಗುತ್ತದೆ, ಹಿಟ್ಟನ್ನು ಸಡಿಲ ಮಾಡುತ್ತದೆ. ಕುಕೀಸ್ ಹರಡುವುದಕ್ಕೆ ದೊಡ್ಡ ಕಾರಣ ಇದೇ. ಪ್ಯಾಕೆಟ್‌ನಲ್ಲಿ ಆಗಲೇ ಇಷ್ಟು ಸಕ್ಕರೆ ಇರುವಾಗ ಮೇಲಿಂದ ಮತ್ತೆ ಸಕ್ಕರೆ ಹಾಕಿ ಎನ್ನುವ ರೆಸಿಪಿಗಳನ್ನು ನಾನು ನಂಬುವುದಿಲ್ಲ.

ಇನ್ನೂ ಕೆಳಗೆ ಹೋದರೆ ಅಂಕಿಗಳು ಸಿಗುತ್ತವೆ. 500(ii) ಅಂದರೆ ನಮ್ಮ ಅಡುಗೆ ಸೋಡಾ. 341(i), 450(i) ಇವು ಸೋಡಾ ಜೊತೆ ಸೇರಿ ಗಾಳಿಗುಳ್ಳೆ ಎಬ್ಬಿಸುವ ಹುಳಿ ಪದಾರ್ಥಗಳು. 341 ನೀರು ಬಿದ್ದ ತಕ್ಷಣ ಕೆಲಸ ಶುರು ಮಾಡುತ್ತದೆ. 450 ನಿಧಾನ, ಓವನ್ ಬಿಸಿ ತಾಗಿದ ಮೇಲೆಯೇ ಅದರ ಹೆಚ್ಚಿನ ಕೆಲಸ. 471 ಅಂತ ಇದ್ದರೆ ಅದು ಕೊಬ್ಬು ಮತ್ತು ನೀರನ್ನು ಬೆರೆಸಿ ಹಿಡಿಯುವ ಪದಾರ್ಥ, ಕೇಕ್ ಮೆತ್ತಗಿರಲಿ ಅಂತ ಹಾಕಿರುತ್ತಾರೆ. 415 ಅಂದರೆ ಝಾಂಥನ್ ಗಮ್, ಅಂಟು ಬರಿಸುವುದು. ಮೊಟ್ಟೆ ಇಲ್ಲದ ಮಿಕ್ಸ್‌ನಲ್ಲಿ ಇಂಥ ಅಂಟು, ಪಿಷ್ಟ, ಹಾಲಿನ ಪುಡಿ ಇದ್ದರೆ ಒಳ್ಳೆಯದೇ. ಖಾದ್ಯ ಎಣ್ಣೆ ಅಥವಾ ಕೊಬ್ಬು ಪಟ್ಟಿಯಲ್ಲಿ ಮೇಲೆಯೇ ಇದೆಯಾ ನೋಡಿ. ಇದ್ದರೆ ಮುಂದೆ ಹೇಳುವ ಅಳತೆಯಲ್ಲಿ ಬೆಣ್ಣೆಯನ್ನು ಸ್ವಲ್ಪ ಹಿಡಿದು ಹಾಕಿ.

ನೀರು ಎಷ್ಟು, ಕೊಬ್ಬು ಎಷ್ಟು

ಕೇಕ್ ಮಿಕ್ಸ್ ಕುಕೀಸ್ ಮನೆಮಾತಾಗಿರುವುದು ಅಮೆರಿಕದಲ್ಲಿ. ಅಲ್ಲಿ ಚಾಲ್ತಿಯಲ್ಲಿರುವ ಅಳತೆ ಒಂದು ಡಬ್ಬ ಮಿಕ್ಸ್, ಎರಡು ಮೊಟ್ಟೆ, ಅರ್ಧ ಕಪ್ ಎಣ್ಣೆ. ಇದನ್ನು ಹಾಗೇ ನಕಲು ಮಾಡಿದರೆ ಇಲ್ಲಿ ಕೆಡುತ್ತದೆ. ಅವರ ಡಬ್ಬ ಮೊದಲು 18.25 ಔನ್ಸ್ ಇತ್ತು, ಅಂದರೆ 517 ಗ್ರಾಂ. ಆಮೇಲೆ 15.25 ಔನ್ಸ್‌ಗೆ ಇಳಿಯಿತು, 432 ಗ್ರಾಂ. ಹಳೆಯ ರೆಸಿಪಿಯ ‘ಒಂದು ಡಬ್ಬ’ ಅಲ್ಲೇ ಈಗ ಒಂದು ಡಬ್ಬ ಅಲ್ಲ. ನಮ್ಮ ಪ್ಯಾಕೆಟ್‌ಗಳಂತೂ ಇನ್ನೂ ಚಿಕ್ಕವು, ಒಂದೊಂದು ಕಂಪನಿಯದು ಒಂದೊಂದು ತೂಕ. ಹಾಗಾಗಿ ಡಬ್ಬದ ಲೆಕ್ಕ ಬಿಟ್ಟು ಗ್ರಾಂ ಲೆಕ್ಕಕ್ಕೆ ಬನ್ನಿ.

432 ಗ್ರಾಂ ಮಿಕ್ಸ್‌ನಲ್ಲಿ ಕೇಕ್ ಮಾಡಲು ಒಂದು ಕಪ್ ನೀರು, ಮೂರು ಮೊಟ್ಟೆ ಹಾಕುತ್ತಾರೆ. ಮೊಟ್ಟೆಯ ಮುಕ್ಕಾಲು ಪಾಲು ನೀರೇ. ಕೂಡಿಸಿದರೆ 100 ಗ್ರಾಂ ಮಿಕ್ಸ್‌ಗೆ ಸುಮಾರು 80 ಗ್ರಾಂ ನೀರು ಬೀಳುತ್ತದೆ. ಅದೇ ಡಬ್ಬದ ಕುಕೀಸ್‌ಗೆ ಎರಡು ಮೊಟ್ಟೆಯಲ್ಲಿರುವ ನೀರು ಮಾತ್ರ. 100 ಗ್ರಾಂಗೆ ಬರೀ 17 ಗ್ರಾಂ. ನಾಲ್ಕೂವರೆ ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ!

ಇದರಿಂದ ಒಳಗೆ ಆಗುವುದೇನು ಅಂದರೆ, ಗೋಧಿಯ ಪಿಷ್ಟ ಬೆಂದು ಉಬ್ಬಬೇಕಾದರೆ ಅದಕ್ಕೆ ಬಿಸಿಯ ಜೊತೆಗೆ ನೀರೂ ಬೇಕು. ಕೇಕ್‌ನಲ್ಲಿ ಸಾಕಷ್ಟು ನೀರಿರುತ್ತದೆ, ಪಿಷ್ಟ ಉಬ್ಬಿ ಸ್ಪಂಜಿನ ಗೋಡೆ ಕಟ್ಟುತ್ತದೆ. ಕುಕೀಸ್‌ನಲ್ಲಿರುವ ಚೂರು ನೀರಿನಲ್ಲಿ ಬಹುಪಾಲನ್ನು ಸಕ್ಕರೆಯೇ ಎಳೆದುಕೊಳ್ಳುತ್ತದೆ. ಮೈದಾ ಕಣಗಳ ಸುತ್ತ ಕೊಬ್ಬು ಮೆತ್ತಿಕೊಂಡಿರುವುದರಿಂದ ಅಂಟಿನ ಎಳೆಯೂ ಬೆಳೆಯುವುದಿಲ್ಲ. ಪಿಷ್ಟ ಪೂರ್ತಿ ಉಬ್ಬದೆ ಹಾಗೇ ಉಳಿಯುತ್ತದೆ. ತಣ್ಣಗಾದಾಗ ಸಕ್ಕರೆ ಗಟ್ಟಿಯಾಗುತ್ತದೆ. ಬಾಯಲ್ಲಿ ಮುರಿಯುವ ಗುಣ ಬರುವುದು ಅಲ್ಲಿಂದ. ನೀರು ಎರಡು ಚಮಚ ಜಾಸ್ತಿ ಬಿತ್ತು ಅಂದರೆ ಹಿಟ್ಟು ಕೇಕ್ ಕಡೆ ವಾಲುತ್ತದೆ.

ಈಗ ಅಳತೆಗೆ ಬರೋಣ. 250 ಗ್ರಾಂ ಮಿಕ್ಸ್‌ಗೆ 60 ಗ್ರಾಂ ಕೊಬ್ಬು, ಒಂದು ಮೊಟ್ಟೆ. ಇಷ್ಟೇ. ಕಲಸಿದರೆ ಸುಮಾರು 360 ಗ್ರಾಂ ಹಿಟ್ಟು ಬರುತ್ತದೆ. 20 ಗ್ರಾಂನ ಉಂಡೆ ಮಾಡಿದರೆ 18 ಕುಕೀಸ್. ಇದು ಮೆತ್ತನೆಯ, ನಡುವೆ ಸ್ವಲ್ಪ ಅಗಿಯುವಂಥ ಕುಕೀಸ್. ಬೇಕರಿಯ ಬೆಣ್ಣೆ ಬಿಸ್ಕತ್ತಿನ ಹಾಗೆ ಪುಡಿಪುಡಿ ಬೇಕು ಅಂದರೆ 50 ಗ್ರಾಂ ಮೈದಾ ಅಥವಾ ಚಿರೋಟಿ ರವೆ ಸೇರಿಸಿ, ಕೊಬ್ಬನ್ನು 75 ಗ್ರಾಂಗೆ ಏರಿಸಿ, ದ್ರವ ಮಾತ್ರ ಅಷ್ಟೇ ಇರಲಿ. ಸಕ್ಕರೆಯ ಪಾಲೂ ಇಳಿಯುತ್ತದೆ, ಬೇಕಿಂಗ್ ಪೌಡರ್ ಪಾಲೂ ಇಳಿಯುತ್ತದೆ. ನನ್ನ ಕೇಳಿದರೆ ನಮ್ಮ ನಾಲಿಗೆಗೆ ಈ ಎರಡನೆಯದೇ ಸರಿ. ಬರೀ ಪ್ಯಾಕೆಟ್‌ನಲ್ಲಿ ಮಾಡಿದ್ದು ಕಾಫಿ ಜೊತೆ ತಿನ್ನಲು ತುಂಬಾ ಸಿಹಿ.

ಕೊಬ್ಬು ಯಾವುದು ಅನ್ನುವುದೂ ನೀರಿನ ಪ್ರಶ್ನೆಯೇ. ಅಂಗಡಿ ಬೆಣ್ಣೆಯಲ್ಲಿ ಕೊಬ್ಬು ಸುಮಾರು ನೂರಕ್ಕೆ 80, ಉಳಿದದ್ದು ಹೆಚ್ಚಾಗಿ ನೀರು. 60 ಗ್ರಾಂ ಬೆಣ್ಣೆ ಹಾಕಿದರೆ ಎರಡು ಟೀ ಚಮಚ ನೀರನ್ನೂ ಹಾಕಿದ ಹಾಗೇ. ಎಣ್ಣೆಯಲ್ಲಿ ನೀರಿಲ್ಲ, ಆದರೆ ಅದು ಯಾವಾಗಲೂ ತೆಳು, ಉಂಡೆ ಬೇಗ ಕೂತುಬಿಡುತ್ತದೆ. ತುಪ್ಪದಲ್ಲಿ ನೀರು ಇಲ್ಲವೇ ಇಲ್ಲ ಅನ್ನಬಹುದು. ಮರಳು ಮರಳಾದ ತುಪ್ಪ ಹಾಕಿದರೆ ನಾನ್‌ಖಟಾಯಿಯಂಥ ಸಡಿಲ ಬರುತ್ತದೆ. ಡಿಸೆಂಬರ್ ಬೆಳಗ್ಗೆ ಬೆಂಗಳೂರಿನ ಅಡುಗೆಮನೆಯಲ್ಲಿ ತುಪ್ಪ ತಾನೇ ಗಟ್ಟಿಯಾಗಿರುತ್ತದೆ, ಕರಗಿಸದೆ ಹಾಗೇ ಬಳಸಿ. ಉಪ್ಪು ಹಾಕಿದ ಬೆಣ್ಣೆಯೇ ಮನೆಯಲ್ಲಿದ್ದರೆ ಅದೂ ನಡೆಯುತ್ತದೆ. ಇಷ್ಟು ಸಿಹಿಗೆ ಉಪ್ಪು ಒಳ್ಳೆಯದೇ ಮಾಡುತ್ತದೆ.

ಮೊಟ್ಟೆ ಇಲ್ಲದೆ

ಕೇಕ್ ಮಿಕ್ಸ್ ಬಗ್ಗೆ ಒಂದು ಕಥೆ ಎಲ್ಲ ಕಡೆ ಓಡಾಡುತ್ತದೆ. ಮೊದಲು ಬರೀ ನೀರು ಹಾಕಿದರೆ ಸಾಕಾಗುವ ಮಿಕ್ಸ್ ಬಂತಂತೆ, ಗೃಹಿಣಿಯರಿಗೆ ತಾವೇನೂ ಮಾಡಿಲ್ಲ ಅನಿಸಿತಂತೆ, 1950ರ ದಶಕದಲ್ಲಿ ಅರ್ನೆಸ್ಟ್ ಡಿಕ್ಟರ್ ಎಂಬ ಮನಶ್ಶಾಸ್ತ್ರಜ್ಞ ಮೊಟ್ಟೆಯನ್ನು ಅವರ ಕೈಗೇ ಬಿಡಿ ಅಂದನಂತೆ, ಆಮೇಲೆ ಮಾರಾಟ ಏರಿತಂತೆ. ಕೇಳಲು ಚೆಂದ. ಆದರೆ ಪಿಟ್ಸ್‌ಬರ್ಗ್‌ನ ಪಿ. ಡಫ್ ಅಂಡ್ ಸನ್ಸ್ ಕಂಪನಿ ಅದಕ್ಕಿಂತ ಎಷ್ಟೋ ಮೊದಲೇ, 1930ರ ದಶಕದಲ್ಲೇ, ಹಸಿ ಮೊಟ್ಟೆ ಬೆರೆಸುವ ಮಿಕ್ಸ್‌ಗೆ ಪೇಟೆಂಟ್ ಪಡೆದಿತ್ತು. ಅವರ ಮೂಲ ವ್ಯಾಪಾರ ಕಾಕಂಬಿಯದು. ಮಿಕ್ಕಿದ ಕಾಕಂಬಿಯನ್ನು ಹಿಟ್ಟಿನ ಜೊತೆ ಒಣಗಿಸಿ ಪುಡಿ ಮಾಡಿದ್ದರಿಂದ ಈ ಉದ್ಯಮ ಹುಟ್ಟಿತು. ಮೊಟ್ಟೆಪುಡಿಗಿಂತ ಹಸಿ ಮೊಟ್ಟೆಯಿಂದ ಕೇಕ್ ಚೆನ್ನಾಗಿ ಬರುತ್ತದೆ, ಮನೋವಿಜ್ಞಾನಕ್ಕಿಂತ ಅದೇ ದೊಡ್ಡ ಕಾರಣ ಇರಬೇಕು.

ನಮ್ಮಲ್ಲಿ ವಿಷಯ ಉಲ್ಟಾ. ಇಲ್ಲಿ ಮಾರಾಟವಾಗುವ ಮಿಕ್ಸ್‌ಗಳಲ್ಲಿ ಎಗ್‌ಲೆಸ್‌ಗೆ ಒಳ್ಳೆ ಜಾಗವಿದೆ, ಹಸಿರು ಚುಕ್ಕಿ ನೋಡಿಯೇ ಕೈಗೆತ್ತಿಕೊಳ್ಳುವವರು ಬಹಳ. ಬೆಂಗಳೂರಿಗೆ ಇದು ಹೊಸದೂ ಅಲ್ಲ. 1898ರಲ್ಲಿ ಹಾಸನ ಕಡೆಯ ಎಚ್.ಎಸ್. ತಿರುಮಲಾಚಾರ್ ಬಿ.ಬಿ. ಬೇಕರಿ ತೆರೆದಾಗಿನಿಂದ ಅಯ್ಯಂಗಾರ್ ಬೇಕರಿಗಳು ಈ ಊರಿನ ಮೂಲೆಮೂಲೆಗೂ ಹಬ್ಬಿವೆ. ಅಲ್ಲಿನ ಖಾರಾ ಬಿಸ್ಕತ್ತಿಗೆ ಮೊಟ್ಟೆ ಬೇಕಾಗಿಯೇ ಇಲ್ಲ. ಬಿಸ್ಕತ್ತಿಗೆ ಮೊಟ್ಟೆ ಅನಿವಾರ್ಯ ಅಲ್ಲ, ಅದು ಮಾಡುವ ಕೆಲಸವನ್ನು ಬೇರೆ ಯಾವುದಾದರೂ ಮಾಡಿದರೆ ಸಾಕು.

ಆ ಕೆಲಸ ಎರಡು. ನೀರು ಕೊಡುವುದು, ಬಿಸಿಗೆ ಗಟ್ಟಿಯಾಗಿ ಹಿಡಿದಿಡುವುದು. ಮೊದಲನೆಯದು ಸುಲಭ. ಒಂದು ಮೊಟ್ಟೆಯ ನೀರು ಸುಮಾರು ಮೂರು ಟೇಬಲ್ ಚಮಚ ಹಾಲಿಗೆ ಸಮ. ಊಟದ ಚಮಚ ಅಲ್ಲ, 15 ಮಿ.ಲೀ. ಅಳತೆಯ ಚಮಚ. ಬೆಣ್ಣೆ ಬಳಸುತ್ತಿದ್ದರೆ ಎರಡೇ ಹಾಕಿ, ಹಿಟ್ಟು ಉಂಡೆಗೆ ಬರುತ್ತದಾ ನೋಡಿ. ಬರದಿದ್ದರೆ ಮೂರನೆಯದನ್ನು ಟೀ ಚಮಚದಲ್ಲಿ ಚೂರುಚೂರೇ ಸೇರಿಸಿ. ಪೂರಿ ಹಿಟ್ಟಿನಷ್ಟು ನಯವಾಗುವ ತನಕ ಕಾಯಬೇಡಿ. ಮುಷ್ಟಿಯಲ್ಲಿ ಒತ್ತಿದರೆ ನಿಲ್ಲಬೇಕು, ಅಂಗೈಗೆ ಅಂಟಬಾರದು. ಅದೇ ಹದ. ನಾದಬೇಡಿ, ನಾದಿದಷ್ಟೂ ಗಟ್ಟಿ.

ಎರಡನೆಯ ಕೆಲಸಕ್ಕೆ ಉತ್ತರ ಕರ್ನಾಟಕದವರ ಡಬ್ಬದಲ್ಲೇ ಉತ್ತರವಿದೆ. ಅಗಸೆ ಬೀಜ. ಚಟ್ನಿಪುಡಿಗೆ ತಂದದ್ದೇ ಸಾಕು, ಆದರೆ ಖಾರ ಹಾಕುವ ಮೊದಲು! ಒಂದು ಟೇಬಲ್ ಚಮಚ ಅಗಸೆ ಪುಡಿಗೆ ಮೂರು ಚಮಚ ನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ. ಚಾಕೊಲೇಟ್ ಮಿಕ್ಸ್‌ಗೆ ಇದು ಚೆನ್ನಾಗಿ ಹೊಂದುತ್ತದೆ. ವೆನಿಲ್ಲಾದಲ್ಲಿ ಕಂದು ಚುಕ್ಕೆ ಕಾಣುತ್ತವೆ, ಸ್ವಲ್ಪ ಬೀಜದ ವಾಸನೆಯೂ ಇರುತ್ತದೆ. ಮೊಸರು ಹಾಕಿದರೆ ಕುಕೀಸ್ ಉಬ್ಬಿ ಕೇಕ್‌ನಂತಾಗುತ್ತದೆ. ಮೆತ್ತನೆಯದೇ ಇಷ್ಟ ಅನ್ನುವವರು ಹಾಕಿಕೊಳ್ಳಲಿ.

ಓವನ್ ಮುಂದೆ

ಕಲಸಿದ ಹಿಟ್ಟನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಮೈದಾ ನೀರನ್ನು ಹೀರಿಕೊಳ್ಳುತ್ತದೆ, ಬೆಣ್ಣೆ ಗಟ್ಟಿಯಾಗುತ್ತದೆ, ಹರಡುವುದು ತಗ್ಗುತ್ತದೆ. ಅಷ್ಟರಲ್ಲಿ ಸೋಡಾ ಶಕ್ತಿ ಹೋಗುವುದಿಲ್ಲವೇ ಅಂತ ಕೇಳಬಹುದು. ಪಟ್ಟಿಯಲ್ಲಿ 450 ಇದ್ದರೆ ಅದರ ಹೆಚ್ಚಿನ ಕೆಲಸ ಓವನ್‌ನಲ್ಲೇ ಆಗಬೇಕು, ಚಿಂತೆ ಇಲ್ಲ. ಒಂದಿಷ್ಟು ಹೋದರೂ ಒಳ್ಳೆಯದೇ. ಕೇಕ್‌ಗೆ ಬೇಕಾದಷ್ಟು ಉಬ್ಬು ಕುಕೀಸ್‌ಗೆ ಬೇಕಿಲ್ಲ.

ಓಟಿಜಿಯನ್ನು 175 ಡಿಗ್ರಿಗೆ ಇಟ್ಟು ಹದಿನೈದು ನಿಮಿಷ ಮೊದಲೇ ಕಾಯಿಸಿ, ಮೇಲಿನ ಕೆಳಗಿನ ಎರಡೂ ಕಾಯಿಲ್ ಆನ್ ಇರಲಿ. ಮೈಕ್ರೋವೇವ್ ಆದರೆ ಕನ್ವೆಕ್ಷನ್ ಮೋಡ್ ಮಾತ್ರ. ಫ್ಯಾನ್ ಇರುವುದರಿಂದ 160 ಸಾಕು. ಉಂಡೆಗಳ ಮಧ್ಯೆ ಎರಡು ಇಂಚು ಜಾಗ ಬಿಡಿ. ಒಂಬತ್ತರಿಂದ ಹನ್ನೊಂದು ನಿಮಿಷ. ಅಂಚು ಗಟ್ಟಿಯಾಗಿ ನಡುವೆ ಇನ್ನೂ ಹಸಿ ಇದೆಯೇನೋ ಅನ್ನಿಸುವಾಗಲೇ ತೆಗೆಯಬೇಕು. ಬಿಸಿ ಟ್ರೇ ಮೇಲೆ ಐದು ನಿಮಿಷ ಬಿಟ್ಟರೆ ಉಳಿದದ್ದು ಅಲ್ಲೇ ಬೇಯುತ್ತದೆ. ಆ ಐದು ನಿಮಿಷ ಮುಟ್ಟಬೇಡಿ. ಮೊಟ್ಟೆ ಇಲ್ಲದ್ದು ಬಿಸಿಯಲ್ಲಿ ಮುಟ್ಟಿದರೆ ಪುಡಿಯಾಗುತ್ತದೆ. ಚಾಕೊಲೇಟ್ ಮಿಕ್ಸ್‌ನಲ್ಲಿ ಬಣ್ಣ ನೋಡಿ ಹೇಳಲಾಗುವುದಿಲ್ಲ, ಗಡಿಯಾರವನ್ನೇ ನಂಬಿ.

ವಿದೇಶಿ ಡಬ್ಬಗಳ ಮೇಲೆ ಎತ್ತರದ ಊರುಗಳಿಗೆ ಬೇರೆ ಸೂಚನೆ ಇರುತ್ತದೆ. ಸಾಮಾನ್ಯವಾಗಿ 3,500 ಅಡಿಗಿಂತ ಮೇಲಿನವರಿಗೆ. ಬೆಂಗಳೂರು ಸುಮಾರು 3,000 ಅಡಿ. ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಗಾಳಿಗುಳ್ಳೆ ಕರಾವಳಿಗಿಂತ ಸ್ವಲ್ಪ ಜಾಸ್ತಿ ಹಿಗ್ಗುತ್ತದೆ. ಕೇಕ್‌ನಲ್ಲಾದರೆ ಇದು ಕಣ್ಣಿಗೆ ಬೀಳಬಹುದು, ಕುಕೀಸ್‌ನಲ್ಲಿ ಲೆಕ್ಕಕ್ಕಿಲ್ಲ. ಆ ಸೂಚನೆ ಬಿಟ್ಟುಬಿಡಿ.

ಕುಕ್ಕರ್‌ನಲ್ಲಿ, ಬಾಣಲೆಯಲ್ಲಿ ಉಪ್ಪು ಹಾಕಿ ಮಾಡುತ್ತಾರಲ್ಲ, ಅದು ಕೇಕ್‌ಗೆ ಪರವಾಗಿಲ್ಲ. ಕುಕೀಸ್‌ಗೆ ಬೇಡ. ಬಿಸಿಯೆಲ್ಲ ಕೆಳಗಿನಿಂದಲೇ ಬರುತ್ತದೆ, ಒಳಗಿನ ಆವಿ ಹೊರಗೆ ಹೋಗುವುದಿಲ್ಲ. ತಳ ಸೀದು ಮೇಲ್ಭಾಗ ಬಿಳಿಚಿಕೊಂಡಿರುತ್ತದೆ.

ಹಬ್ಬದ ಅಲಂಕಾರ

ಇಲ್ಲೂ ಅದೇ ನೀರಿನ ಪ್ರಶ್ನೆ ಕೇಳಿಕೊಳ್ಳಿ. ಒಣಗಿದ್ದು ಏನಿದ್ದರೂ ಧೈರ್ಯವಾಗಿ ಹಾಕಬಹುದು. ಸಂಕ್ರಾಂತಿಯ ಎಳ್ಳಿನ ಸಾಮಾನು ಇದಕ್ಕೇ ಹೇಳಿ ಮಾಡಿಸಿದಂತಿದೆ: ಹುರಿದ ಎಳ್ಳು, ಕೊಬ್ಬರಿ, ಕಡಲೆಬೀಜ, ಹುರಿಗಡಲೆ. ವೆನಿಲ್ಲಾ ಹಿಟ್ಟಿನ ಉಂಡೆಯನ್ನು ಎಳ್ಳಿನಲ್ಲಿ ಹೊರಳಿಸಿ ಬೇಯಿಸಿ ನೋಡಿ. ಬೆಲ್ಲದ ಚೂರು ಮಾತ್ರ ಬಿಡಿ, ಅದು ಕರಗಿ ಹರಿದು ಟ್ರೇಗೆ ಅಂಟುತ್ತದೆ. ಬಸವನಗುಡಿಯ ಪರಿಷೆಯಿಂದ ತಂದ ಹಸಿ ಕಡಲೆಕಾಯಿ ಇದ್ದರೆ ಒಣಗಿಸಿ ಹುರಿದ ಮೇಲೆಯೇ ಹಾಕಿ. ಹಸಿ ತೆಂಗಿನ ತುರಿಯಲ್ಲಿ ಅರ್ಧದಷ್ಟು ನೀರೇ ಇರುತ್ತದೆ, ಅದನ್ನು ಬಾಣಲೆಯಲ್ಲಿ ಪೂರ್ತಿ ಒಣಗುವ ತನಕ ಹುರಿಯದೆ ಹಾಕಬಾರದು.

ದೀಪಾವಳಿಗೆ ಏಲಕ್ಕಿ, ಪಿಸ್ತಾ, ಕೇಸರಿ. ಕೇಸರಿ ನೆನೆಸಿದ ಹಾಲನ್ನು ಆ ಮೂರು ಚಮಚದ ಲೆಕ್ಕದೊಳಗೇ ಸೇರಿಸಿ, ಮೇಲಿಂದ ಬೇಡ. ಕ್ರಿಸ್‌ಮಸ್‌ಗೆ ಕಿತ್ತಳೆ ಸಿಪ್ಪೆಯ ತುರಿ, ಒಣಶುಂಠಿ, ಚಕ್ಕೆ ಪುಡಿ, ಗೋಡಂಬಿ. ಕಿತ್ತಳೆಯ ಮೇಲಿನ ಬಣ್ಣದ ಪದರ ಮಾತ್ರ ತುರಿಯಿರಿ, ಬಿಳಿ ಕಹಿ. ಟೂಟಿ ಫ್ರೂಟಿ ಪರಂಗಿಕಾಯಿಯನ್ನು ಸಕ್ಕರೆ ಪಾಕದಲ್ಲಿ ಬೇಯಿಸಿದ್ದು, ಸ್ವಲ್ಪ ಮೈದಾದಲ್ಲಿ ಹೊರಳಿಸಿ ಹಾಕಿದರೆ ಅಂಟು ಬಿಡುವುದಿಲ್ಲ. ರಮ್‌ನಲ್ಲಿ ನೆನೆಸಿದ ದ್ರಾಕ್ಷಿ ಇದ್ದರೆ ಚೆನ್ನಾಗಿ ಸೋಸಿ ಬಟ್ಟೆಯಲ್ಲಿ ಒರೆಸಿ ಹಾಕಿ. ಸೋಸಿದ ರಸವನ್ನು ಏನು ಮಾಡಬೇಕು ಅಂತ ನಾನು ಹೇಳಬೇಕಿಲ್ಲ.

ನೋಡಲು ಎಲ್ಲಕ್ಕಿಂತ ಅಂದವಾದದ್ದು ಬಿರುಕು ಬಿಟ್ಟ ಕುಕೀಸ್. ಚಾಕೊಲೇಟ್ ಅಥವಾ ರೆಡ್ ವೆಲ್ವೆಟ್ ಹಿಟ್ಟಿನ ಉಂಡೆಯನ್ನು ಸಕ್ಕರೆ ಪುಡಿಯಲ್ಲಿ ಹೊರಳಿಸಿ ಬೇಯಿಸುವುದು. ಸಕ್ಕರೆ ಮೇಲ್ಮೈಯ ತೇವವನ್ನು ಎಳೆಯುತ್ತದೆ, ಮೇಲ್ಪದರ ಬೇಗ ಒಣಗಿ ಬಿಗಿಯಾಗುತ್ತದೆ. ಒಳಗಿನ ಹಿಟ್ಟು ಆಮೇಲೆ ಉಬ್ಬುತ್ತದೆ, ಬಿಗಿಯಾದ ಪದರ ಸೀಳುತ್ತದೆ. ಬಿಳಿಯ ನಡುವೆ ಕಪ್ಪು ಗೆರೆ ಕಾಣುವುದು ಹಾಗೆ. ಕೇಕ್ ಮಿಕ್ಸ್‌ನಲ್ಲಿರುವ ಹೆಚ್ಚಿನ ಬೇಕಿಂಗ್ ಪೌಡರ್ ಉಪಕಾರಕ್ಕೆ ಬರುವುದು ಇಲ್ಲೇ, ಈ ಕುಕೀಸ್‌ಗೆ ಹೊರಗಿನ ಮೈದಾ ಸೇರಿಸಬೇಡಿ. ಬಿಳಿ ಪುಡಿ ಓವನ್‌ನಲ್ಲಿ ಕರಗಿ ಮಾಯವಾಗುತ್ತದೆ ಅನ್ನುವವರು ಮೊದಲು ಸಾದಾ ಹರಳು ಸಕ್ಕರೆಯಲ್ಲಿ ಹೊರಳಿಸಿ, ಮೇಲೆ ಪುಡಿ ಸಕ್ಕರೆಯನ್ನು ದಪ್ಪಗೆ ಮೆತ್ತಿ.

ಕೈಗೆ ಅಂಟಿದ ಹಿಟ್ಟನ್ನು ಮಕ್ಕಳು ನೆಕ್ಕದಂತೆ ನೋಡಿಕೊಳ್ಳಿ. ಮೊಟ್ಟೆ ಹಾಕಿಲ್ಲವಲ್ಲ, ಏನಾಗುತ್ತದೆ ಅನ್ನುವಂತಿಲ್ಲ. ಸಾಮಾನ್ಯವಾಗಿ ಮಿಕ್ಸ್‌ನ ಮೈದಾ ಬೇಯಿಸಿದ್ದಲ್ಲ, ಹಸಿ ಹಿಟ್ಟು. ಅಮೆರಿಕದಲ್ಲಿ 2021ರಲ್ಲಿ 12 ರಾಜ್ಯಗಳ 16 ಮಂದಿಗೆ ಇ. ಕೋಲಿ ಸೋಂಕು ತಗುಲಿದ್ದು ಬೇಯಿಸದ ಕೇಕ್ ಮಿಕ್ಸ್‌ನಿಂದ ಎಂದು ಅಲ್ಲಿನ ಆರೋಗ್ಯ ಇಲಾಖೆ ಪತ್ತೆ ಹಚ್ಚಿತ್ತು. ಅದೇ ಕಾರಣಕ್ಕೆ ಬೇಯಿಸದ ಮಿಕ್ಸ್ ಪುಡಿಯನ್ನು ಮಿಲ್ಕ್‌ಶೇಕ್‌ಗೆ ಹಾಕುವುದೂ ಬೇಡ.

ಪೂರ್ತಿ ತಣ್ಣಗಾದ ಮೇಲೆ ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿ. ಚೂರು ಬಿಸಿ ಇದ್ದರೂ ಆವಿ ಒಳಗೇ ನಿಂತು ಎಲ್ಲವೂ ಮೆತ್ತಗಾಗುತ್ತದೆ. ಸಕ್ಕರೆ ಜಾಸ್ತಿ ಇರುವುದರಿಂದ ಇವು ಗಾಳಿಯ ತೇವವನ್ನೂ ಬೇಗ ಎಳೆದುಕೊಳ್ಳುತ್ತವೆ. ದೀಪಾವಳಿ ಹೊತ್ತಿಗೆ ಈ ಊರಲ್ಲಿ ಹಿಂಗಾರು ಮಳೆ ಹಿಡಿದಿದ್ದರೆ ಅದು ಇನ್ನೂ ಬೇಗ. ಗರಿಗರಿ ಹೋದರೆ 130 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಮತ್ತೆ ಬಿಸಿ ಮಾಡಿ, ತಂತಿ ಜಾಲರಿ ಮೇಲೆ ಆರಲು ಬಿಡಿ.